ಮೂರನೇ ಜಿಗಿತದ ಕಾಲು

ನನ್ನ ಗಂಡನನ್ನು ಊರಲ್ಲಿ ಎಲ್ಲರೂ ಕೊಕ್ಕರೆ ಎಂದೇ ಕರೆಯುವುದು. ಬೆನ್ನ ಹಿಂದೆ ಅಲ್ಲ, ಎದುರಿಗೇ. ಅವರಿಗೆ ಅದರಿಂದ ಬೇಸರವೂ ಇಲ್ಲ. ಬೆಳಕು ಹರಿಯುವ ಮೊದಲು ಕೆರೆಯಂಚಿನ ಕೆಸರಿನಲ್ಲಿ ಟ್ರೈಪಾಡ್ ಊರಿಕೊಂಡು ನಿಂತರೆ ಬಿಸಿಲು ನೆತ್ತಿಗೇರುವ ತನಕ ಅಲುಗದ ಮನುಷ್ಯನನ್ನು ಇನ್ನೇನೆಂದು ಕರೆಯಬೇಕು? ಗ್ಯಾಸ್ ಮುಗಿದಿದೆ, ಬರುವಾಗ ಹೇಳಿ ಬನ್ನಿ ಎಂದು ನಾನು ಫೋನ್ ಮಾಡಿದರೆ "ಶ್, ಕೂತಿದೆ" ಎಂದು ಕಟ್ ಮಾಡುತ್ತಾರೆ. ಕೂತಿರುವುದು ಮಿಂಚುಳ್ಳಿ. ಮದುವೆಯಾದ ಹೊಸದರಲ್ಲಿ ಆ ಹಕ್ಕಿಯ ಮೇಲೆ ನನಗೆ ಸವತಿಯ ಮೇಲಿನಷ್ಟು ಸಿಟ್ಟಿತ್ತು. ಈಗ ಅಭ್ಯಾಸವಾಗಿದೆ.

ನಮ್ಮದು ಬಸ್ ನಿಲ್ದಾಣದ ಹಿಂದಿನ ರಸ್ತೆಯಲ್ಲಿ ಒಂದು ಫೋಟೋ ಸ್ಟುಡಿಯೊ. ಮುಂದೆ ಗಾಜಿನ ಕಪಾಟು, ಒಳಗೆ ನೀಲಿ ಪರದೆ ಮತ್ತು ಒಂದು ಸ್ಟೂಲು, ಅದರ ಹಿಂದೆ ನನ್ನ ಮೇಜು. ಚೌಕಟ್ಟು ಹಾಕುವ ಕೆಲಸ ನನ್ನದು. ಗಾಜು ಕೊಯ್ಯುತ್ತೇನೆ, ರಟ್ಟು ಕತ್ತರಿಸುತ್ತೇನೆ, ಮೊಳೆ ಹೊಡೆಯುತ್ತೇನೆ. ಊರಿನ ಅಜ್ಜ ಅಜ್ಜಿಯರೆಲ್ಲ ಕಡೆಗೆ ಗೋಡೆ ಹತ್ತುವುದು ನನ್ನ ಕೈಯಿಂದಲೇ. ನಮ್ಮ ಹೊಟ್ಟೆ ತುಂಬಿಸುವುದು ಪಾಸ್‌ಪೋರ್ಟ್ ಫೋಟೋಗಳು. ಹಕ್ಕಿಗಳು ಕೊಕ್ಕರೆಯ ಮನಸ್ಸನ್ನು ಮಾತ್ರ ತುಂಬಿಸುತ್ತವೆ.

ಅವರ ಹೆಸರು ನಾಲ್ಕು ಜನಕ್ಕೆ ಗೊತ್ತಾಗಿದ್ದು ಜೋಡಣೆ ಚಿತ್ರಗಳಿಂದ. ಅದೇನು ಬ್ರಹ್ಮವಿದ್ಯೆಯಲ್ಲ. ಕ್ಯಾಮೆರಾವನ್ನು ಒಂದೇ ಕಡೆ ಭದ್ರವಾಗಿ ನಿಲ್ಲಿಸಬೇಕು. ಮಿಂಚುಳ್ಳಿ ಕೊಂಬೆಯಿಂದ ಹಾರಿ, ರೆಕ್ಕೆ ಮಡಚಿ, ನೀರಿಗೆ ಬಿದ್ದು, ಮೀನು ಕಚ್ಚಿಕೊಂಡು ಮೇಲೇಳುವುದು ಕಣ್ಣು ಮಿಟುಕಿಸುವಷ್ಟರ ಕೆಲಸ. ಅಷ್ಟರಲ್ಲಿ ಕ್ಯಾಮೆರಾ ಟಕಟಕ ಎಂದು ಸಾಲಾಗಿ ಫೋಟೋ ಹೊಡೆಯುತ್ತದೆ. ಆಮೇಲೆ ಕಂಪ್ಯೂಟರಿನಲ್ಲಿ ಆ ಸಾಲಿನ ಹಕ್ಕಿಗಳನ್ನೆಲ್ಲ ಅವು ಇದ್ದ ಜಾಗದಲ್ಲೇ ಒಂದೇ ಚಿತ್ರದೊಳಗೆ ಕೂರಿಸುವುದು. ಒಂದು ಹಕ್ಕಿಯ ಇಡೀ ಹಾರಾಟ ಒಟ್ಟಿಗೇ ಕಾಣುತ್ತದೆ. "ಒಂದೇ ಕೆರೇಲಿ ಇಷ್ಟೊಂದು ಮಿಂಚುಳ್ಳಿನಾ!" ಎಂದು ಬಾಯಿ ಬಿಡುವವರೂ ಇದ್ದಾರೆ. ಅಂಥವರಿಗಾಗಿಯೇ ಕೊಕ್ಕರೆ ಪ್ರತಿ ಚಿತ್ರದ ಕೆಳಗೆ ‘ಜೋಡಣೆ ಚಿತ್ರ’ ಎಂದು ಬರೆಯುತ್ತಾರೆ.

ಈ ವಿಷಯದಲ್ಲಿ ಅವರಷ್ಟು ಕಟ್ಟುನಿಟ್ಟಿನವರು ಇನ್ನೊಬ್ಬರಿರಲಿಲ್ಲ. ಊರಿನ ಫೋಟೋ ಸಂಘಕ್ಕೆ ತೀರ್ಪುಗಾರರು ಅವರೇ. ಹಲ್ಲಿನ ಡಾಕ್ಟರೊಬ್ಬರು ಒಂದು ಸಲ ಗೂಬೆಯ ಹಿಂದೆ ತಟ್ಟೆಯಗಲದ ಚಂದ್ರನನ್ನು ಅಂಟಿಸಿಕೊಂಡು ಬಂದಿದ್ದರು. ಕೊಕ್ಕರೆ ಎಲ್ಲರ ಮುಂದೆ ಕೇಳಿದರು: "ಡಾಕ್ಟ್ರೇ, ಗೂಬೆ ಯಾವತ್ತಿಂದು, ಚಂದ್ರ ಯಾವತ್ತಿನವನು?" ಡಾಕ್ಟರು ಬಾಯಿ ತೆರೆದವರು ಹಾಗೇ ಕೂತರು, ಅವರದೇ ಕುರ್ಚಿಯಲ್ಲಿ ಕೂತ ರೋಗಿಯ ಹಾಗೆ. "ಸೇರಿಸೋದು ತಪ್ಪಲ್ಲ. ಸೇರಿಸಿ ಹೇಳದೇ ಇರೋದು ತಪ್ಪು" ಎನ್ನುವುದು ಇವರ ಉಪದೇಶ. ಕೇಳಿ ಕೇಳಿ ನನಗೆ ಬಾಯಿಪಾಠವಾಗಿಬಿಟ್ಟಿದೆ.

ಇನ್ನು ಮಿಡತೆ. ಮಿಡತೆ ನಮ್ಮಕ್ಕನ ಮಗಳು. ಮೈಗಿಂತ ಕಾಲೇ ಉದ್ದ, ಅದಕ್ಕೇ ಆ ಹೆಸರು. ಅಕ್ಕನಿಗೆ ಆಸ್ಪತ್ರೆಯಲ್ಲಿ ಪಾಳಿ ಕೆಲಸ, ಭಾವ ಲಾರಿ ಹತ್ತಿದರೆ ವಾರಗಟ್ಟಲೆ ಪತ್ತೆ ಇಲ್ಲ. ಹಾಗಾಗಿ ಹುಡುಗಿ ಸಣ್ಣವಳಿದ್ದಾಗಿನಿಂದ ಸಂಜೆ ಹೊತ್ತು ನಮ್ಮ ಸ್ಟುಡಿಯೊದಲ್ಲೇ. ನಮಗೆ ಮಕ್ಕಳಿಲ್ಲ. ಇದ್ದಿದ್ದರೂ ಇವಳಷ್ಟು ತಲೆ ತಿನ್ನುತ್ತಿರಲಿಲ್ಲ ಎಂದು ಬೈಯುತ್ತೇನೆ. ಅವಳು ಬಾರದ ಸಂಜೆ ಹತ್ತು ಸಲ ಬಾಗಿಲ ಕಡೆ ನೋಡುತ್ತೇನೆ.

ಅವಳದು ಉದ್ದ ಜಿಗಿತ. ಈ ವರ್ಷದ ಆಯ್ಕೆ ಕೂಟದಲ್ಲಿ ಮೊದಲು ಬಂದವರಿಗೆ ದೊಡ್ಡ ತರಬೇತಿ ಕೇಂದ್ರದಲ್ಲಿ ಜಾಗ. ಊಟ, ಓದು, ಮೈದಾನ, ಒಳ್ಳೆಯ ಗುರುಗಳು, ಎಲ್ಲ ಅಲ್ಲೇ. ಆದರೆ ಒಬ್ಬರಿಗೆ ಮಾತ್ರ. ಮುಂದಿನ ವರ್ಷಕ್ಕೆ ಅವಳ ವಯಸ್ಸು ಮೀರುತ್ತದೆ. ಇದು ತಪ್ಪಿದರೆ ಇನ್ನಿಲ್ಲ ಎನ್ನುವುದು ಮನೆಯಲ್ಲಿ ಎಲ್ಲರಿಗೂ ಗೊತ್ತಿತ್ತು, ಯಾರೂ ಬಾಯಿ ಬಿಟ್ಟು ಹೇಳುತ್ತಿರಲಿಲ್ಲ.

ಕೂಟದ ದಿನ ಅಂಗಡಿ ಮುಚ್ಚಿ ನಾನೂ ಹೋಗಿದ್ದೆ. ಕೊಕ್ಕರೆ ಹಗ್ಗದ ಈಚೆ ಟ್ರೈಪಾಡ್ ಊರಿದರು, ಕಾಲೂರಿ ಜಿಗಿಯಬೇಕಾದ ಬಿಳಿ ಹಲಗೆಯಿಂದ ಮರಳಿನ ಗುಂಡಿಯವರೆಗೆ ಎಲ್ಲವೂ ಒಂದೇ ಚಿತ್ರದಲ್ಲಿ ಬರುವ ಹಾಗೆ. ಹಲಗೆಯ ಪಕ್ಕ ಒಂದು ಸ್ಟೂಲು. ಅದರ ಮೇಲೆ ಅಗಲ ಬೆನ್ನಿನ ವಯಸ್ಸಾದ ಮೇಷ್ಟ್ರೊಬ್ಬರು, ಒಂದು ಕೈಯಲ್ಲಿ ಬಿಳಿ ಬಾವುಟ, ಇನ್ನೊಂದರಲ್ಲಿ ಕೆಂಪು. ಹಲಗೆಯ ಮುಂದಿನ ಅಂಚನ್ನು ಬೆರಳ ತುದಿ ದಾಟಿದರೂ ಕೆಂಪು. ಅಂಚಿಗೆ ಮೆತ್ತನೆಯ ಮೇಣದ ಪಟ್ಟಿಯೊಂದನ್ನು ಇಡುತ್ತಾರಂತೆ, ಕಾಲು ತಾಗಿದರೆ ಗುರುತು ಬೀಳಲೆಂದು. ಅವತ್ತು ಆ ಪಟ್ಟಿ ಬಿಸಿಲಿಗೆ ಒಣಗಿ ಬಿರುಕು ಬಿಟ್ಟಿತ್ತು, ತೆಗೆದು ಬಿಸಾಕಿದ್ದರು. ಹಾಗಾಗಿ ಎಲ್ಲ ಭಾರವೂ ಮೇಷ್ಟ್ರ ಕಣ್ಣಿನ ಮೇಲೆ.

ಕೊನೆಯ ಜಿಗಿತಕ್ಕೆ ಮುಂಚೆ ಮಿಡತೆ ಎರಡನೆಯವಳಾಗಿದ್ದಳು. ಬರಿಗಾಲಲ್ಲೇ ಓಡಿ ಬಂದಳು, ಹಾರಿದಳು. ನಾನು ಕೂತಿದ್ದ ಕಡೆಯಿಂದ ಕಾಲೂರಿದ್ದು ಕಾಣುವುದಿಲ್ಲ, ಹಾರಿದ್ದು ಮಾತ್ರ ಕಾಣುತ್ತದೆ. ಅಷ್ಟು ದೂರ ಅವಳು ಯಾವತ್ತೂ ಹಾರಿರಲಿಲ್ಲ. ಜನ ಹೋ ಎಂದು ಎದ್ದರು, ನಾನು ಪಕ್ಕದವರ ಕಾಲು ತುಳಿದುಕೊಂಡು ಎದ್ದೆ. ಆಮೇಲೆ ನೋಡಿದರೆ ಕೆಂಪು ಬಾವುಟ.

"ದಾಟಿಲ್ಲ ಸರ್!" ಎಂದು ಅವಳು ಮರಳಿನಲ್ಲೇ ನಿಂತು ಕೂಗಿದಳು. ಅವಳ ಕೋಚ್ ಓಡಿಹೋಗಿ ಆ ಕ್ಷಣವೇ ತಕರಾರು ಹಾಕಿದರು. ತಕರಾರು ಹಾಕಿದರೆ ಜಿಗಿತವನ್ನು ಅಳೆದು ಇಡಬೇಕೆಂದು ನಿಯಮವಂತೆ. ಅಳೆದರು. ಮೊದಲನೆಯವಳಿಗಿಂತ ಒಂದು ಗೇಣು ಮುಂದೆ. ಆದರೆ ಆ ಜಿಗಿತ ಲೆಕ್ಕಕ್ಕಿದೆಯೋ ಇಲ್ಲವೋ ಎನ್ನುವುದನ್ನು ಮುಂದಿನ ವಾರ ಸಮಿತಿ ಕೂತು ಹೇಳುತ್ತದೆ ಎಂದರು.

ಅವತ್ತು ಸಂಜೆ ಅವಳು ನನ್ನ ಮೇಜಿನ ಕೆಳಗೆ, ರಟ್ಟಿನ ಚೂರುಗಳ ಮಧ್ಯೆ ಕಾಲು ಚಾಚಿ ಕೂತಳು. ಚಿಕ್ಕಂದಿನಲ್ಲಿ ಸಿಟ್ಟು ಬಂದರೆ ಕೂರುತ್ತಿದ್ದ ಜಾಗ ಅದು. ಈಗ ಅರ್ಧ ಕಾಲು ಹೊರಗೇ ಇರುತ್ತದೆ.

"ಚಿಕ್ಕಮ್ಮ, ನನ್ನ ಕಾಲು ನನಗೆ ಗೊತ್ತಾಗಲ್ವಾ? ಹಲಗೆ ಗಟ್ಟಿ ಇರುತ್ತೆ, ಆಚೆ ಕಡೆ ಮೆತ್ತಗೆ. ಬೆರಳಿಗೆಲ್ಲ ಗಟ್ಟೀನೇ ಸಿಕ್ತು."

ನಾನು ನಂಬಿದೆ. ಅನುಮಾನ ಪಡಬೇಕೆಂದು ಹೊಳೆಯಲೂ ಇಲ್ಲ. ಸುಳ್ಳು ಹೇಳುವಾಗ ಅವಳು ಮೂಗು ಉಜ್ಜಿಕೊಳ್ಳುತ್ತಾಳೆ, ಅವತ್ತು ಉಜ್ಜಿಕೊಳ್ಳಲಿಲ್ಲ. ನನಗೆ ಅಷ್ಟು ಸಾಕಿತ್ತು.

ಅವಳ ಮುಖ ಸರಿಹೋಗಲೆಂದು ಕೊಕ್ಕರೆ ಎರಡು ಹಗಲು ಕಂಪ್ಯೂಟರಿನ ಮುಂದೆ ಕೂತು ಆ ಜಿಗಿತದ ಜೋಡಣೆ ಚಿತ್ರ ಮಾಡಿದರು. ಆರು ಮಿಡತೆಯರು. ಓಡಿ ಬರುವವಳು, ಹಲಗೆಯ ಮೇಲೆ ಕಾಲೂರಿದವಳು, ಗಾಳಿಯಲ್ಲಿ ಮೂವರು, ಮರಳಿಗೆ ಇಳಿಯುವವಳು. ಕೆಳಗೆ ‘ಜೋಡಣೆ ಚಿತ್ರ: ಕೊನೆಯ ಜಿಗಿತ’ ಎಂದು ಬರೆದರು. ನಾನು ಕೆನೆಬಣ್ಣದ ರಟ್ಟು ಹಾಕಿ, ಒಳ್ಳೆಯ ಮರದ ಚೌಕಟ್ಟು ಕೂರಿಸಿ ಮುಂದಿನ ಗಾಜಿನ ಕಪಾಟಿನಲ್ಲಿಟ್ಟೆ. ನನ್ನ ಕೈಕೆಲಸವನ್ನು ನಾನೇ ಹೊಗಳಿಕೊಳ್ಳಬಾರದು, ಆದರೆ ಚೆನ್ನಾಗಿತ್ತು.

ಹಾದಿಯಲ್ಲಿ ಹೋಗುವವರು ನಿಂತು ನೋಡಿದರು. ಕಾಲೂರಿದ ಮಿಡತೆಯ ಬೆರಳ ತುದಿ ಹಲಗೆಯ ಅಂಚಿಗಿಂತ ಎರಡು ಬೆರಳು ಹಿಂದೆ, ಸ್ಪಷ್ಟವಾಗಿ. "ಇಲ್ಲೇ ಕಾಣ್ತಿದೆಯಲ್ರೀ! ಆ ಮೇಷ್ಟ್ರಿಗೆ ಕಣ್ಣಿತ್ತೋ ಇಲ್ವೋ?" ಎಂದು ಔಷಧಿ ಅಂಗಡಿಯವರು ಬೀದಿಗೆಲ್ಲ ಕೇಳುವ ಹಾಗೆ ಹೇಳಿದರು. ಮಿಡತೆ ಮಾತ್ರ "ಚೆನ್ನಾಗಿದೆ ಚಿಕ್ಕಪ್ಪ" ಎಂದಷ್ಟೇ ಹೇಳಿ, ದಿನಾ ಸಂಜೆ ಅದರ ಎದುರಿಗೆ ಕೂತು ನೋಡುತ್ತಿದ್ದಳು. ಹೊಗಳಿಕೆಗೆ ನಾಚಿಕೊಂಡಿದ್ದಾಳೆ ಎಂದುಕೊಂಡೆ.

ಸಮಿತಿ ಸೇರುವ ಹಿಂದಿನ ದಿನ ಕೋಚ್ ಬಂದರು. ಆ ಮನುಷ್ಯ ಯಾವಾಗಲೂ ಸೀಟಿಯನ್ನು ಕೊರಳಲ್ಲಿ ಹಾಕಿಕೊಂಡೇ ಇರುತ್ತಾರೆ, ಮಲಗುವಾಗ ತೆಗೆಯುತ್ತಾರೋ ಏನೋ. ಕಪಾಟಿನ ಮುಂದೆ ನಿಂತವರು ಸೀಟಿ ಹೊಡೆಯುವುದೊಂದು ಬಾಕಿ.

"ಮೇಡಂ, ಇದನ್ನ ಮೊದಲೇ ಯಾಕೆ ಹೇಳ್ಲಿಲ್ಲ? ಇದಕ್ಕಿಂತ ಸಾಕ್ಷಿ ಬೇಕಾ? ನಾಳೆ ಸಮಿತಿ ಮುಂದೆ ಇಟ್ಟರೆ ಮುಗೀತು, ಗೆದ್ದ ಹಾಗೇ."

ಕೊಕ್ಕರೆ ಕೆರೆಯಲ್ಲಿದ್ದರು. ನಾನು ಹಿಂದು ಮುಂದು ನೋಡದೆ ಚಿತ್ರವನ್ನು ಇಳಿಸಿ, ಗಾಜು ಒರೆಸಿ, ಹಳೆ ಟವೆಲ್ಲಿನಲ್ಲಿ ಸುತ್ತಿ ಕೊಟ್ಟೆ. ಆ ಕೂಡಲೇ ಅಕ್ಕನಿಗೆ ಫೋನ್ ಮಾಡಿದೆ. ಅವಳು ಆಸ್ಪತ್ರೆಯ ಮೆಟ್ಟಿಲ ಮೇಲೆ ಕೂತು ಅತ್ತು ನಕ್ಕಳು.

ಮಧ್ಯಾಹ್ನ ಕೊಕ್ಕರೆ ಕೆಸರುಗಾಲಲ್ಲಿ ಬಂದವರು ಖಾಲಿ ಕಪಾಟು ನೋಡಿ ನಿಂತರು.

"ಯಾರಿಗೆ ಕೊಟ್ಟೆ?"

"ಕೋಚ್‌ಗೆ. ನಾಳೆ ಸಮಿತಿ ಮುಂದೆ ಇಡ್ತಾರಂತೆ. ಸ್ವೀಟ್ ತನ್ನಿ ಹೋಗಿ."

ಅವರು ಸ್ವೀಟ್ ತರಲು ಹೋಗಲಿಲ್ಲ. ಪಾಸ್‌ಪೋರ್ಟ್ ಫೋಟೋದ ಸ್ಟೂಲಿನ ಮೇಲೆ ಕೂತರು, ಫೋಟೋ ತೆಗೆಸಿಕೊಳ್ಳುವವರ ಹಾಗೆ ನೆಟ್ಟಗೆ.

"ಅದರಲ್ಲಿ ಕಾಲೂರಿರೋದು ಆ ಜಿಗಿತದ್ದಲ್ಲ ಕಣೇ."

ಅವರು ಕಂಪ್ಯೂಟರ್ ತೆರೆದು ತೋರಿಸಿದರು. ಕೊನೆಯ ಜಿಗಿತದ ಫೋಟೋಗಳೆಲ್ಲ ಸಾಲಾಗಿದ್ದವು. ಅವಳು ಹಲಗೆಗೆ ಕಾಲಿಡುವ ಕ್ಷಣಕ್ಕೆ ಸರಿಯಾಗಿ ಬಾವುಟದ ಮೇಷ್ಟ್ರು ಸ್ಟೂಲಿನಿಂದ ಮುಂದಕ್ಕೆ ಬಗ್ಗಿದ್ದರು. ಹಲಗೆ ಇರಬೇಕಾದ ಜಾಗದಲ್ಲಿ ಅವರ ಬೆನ್ನು, ತುಂಬಿದ ಗೋಣಿಚೀಲದ ಹಾಗೆ. ಹುಡುಗಿ ಸೊಂಟದಿಂದ ಮೇಲಕ್ಕೆ ಮಾತ್ರ ಕಾಣುತ್ತಿದ್ದಳು.

"ಮೂರನೇ ಜಿಗಿತದಲ್ಲಿ ಅವರು ನೆಟ್ಟಗೆ ಕೂತಿದ್ರು. ಜಾಗ ಅದೇ, ಬೆಳಕೂ ಅದೇ. ಅಲ್ಲಿಂದ ತಂದು ಕೂರಿಸಿದೆ. ಚೆಂದ ಕಾಣ್ಲಿ ಅಂತ. ಮಗು ಅಳ್ತಾ ಇತ್ತಲ್ಲ."

"ಡಾಕ್ಟ್ರೂ ಗೂಬೆ ಚೆಂದ ಕಾಣ್ಲಿ ಅಂತಾನೇ ಚಂದ್ರನ್ನ ತಂದಿದ್ದು."

"ನಾನು ಜೋಡಣೆ ಅಂತ ಬರೆದಿದೀನಿ!"

"ಜೋಡಣೆ ಅಂತ ಬರೆದ್ರಿ. ಎಲ್ಲಿಂದ ತಂದು ಜೋಡಿಸಿದ್ರಿ ಅಂತ ಬರೆದ್ರಾ? ಕೆಳಗೆ ಕೊನೆಯ ಜಿಗಿತ ಅಂತ ಬೇರೆ. ಹೇಳೋದು ಶಾಸ್ತ್ರ, ತಿನ್ನೋದು ಬದನೆಕಾಯಿ. ಮೊದಲು ಕೋಚ್‌ಗೆ ಫೋನ್ ಮಾಡಿ."

ಅವರು ಫೋನ್ ಕೈಗೆತ್ತಿಕೊಂಡರು. ನೋಡಿದರು. ಮೇಜಿನ ಮೇಲಿಟ್ಟರು.

"ದಾಟಿಲ್ಲ ಅಂತ ಅವಳು ಹೇಳ್ತಾಳೆ ತಾನೆ? ನೀನು ನಂಬ್ತೀಯಾ?"

"ನಂಬ್ತೀನಿ."

"ನಾನೂ ನಂಬ್ತೀನಿ. ಹಾಗಾದ್ರೆ ಚಿತ್ರ ಹೇಳ್ತಿರೋದು ನಿಜಾನೇ ಅಲ್ವಾ? ಕಾಲು ಬೇರೆ, ಅಷ್ಟೇ. ವಿಷಯ ಅದೇ."

ಇದಕ್ಕೆ ನಾನು ತಕ್ಷಣ ಉತ್ತರ ಕೊಡಬೇಕಿತ್ತು. ಮಾತಿಗೆ ಮಾತು ಕೊಡುವುದರಲ್ಲಿ ನಾನು ಯಾರಿಗೂ ಕಡಿಮೆಯವಳಲ್ಲ. ಆದರೆ ಅಕ್ಕನ ಅಳು ನಗು ಇನ್ನೂ ಕಿವಿಯಲ್ಲಿತ್ತು. ಹುಡುಗಿ ಪೆಟ್ಟಿಗೆ ಹಿಡಿದುಕೊಂಡು ಬಸ್ ಹತ್ತುವುದು ಕಣ್ಣ ಮುಂದೆ ಬಂತು. ಅವಳು ಹೋಗಬೇಕು ಎಂದು ನನಗೆ ಎಷ್ಟು ಆಸೆಯಿತ್ತೆಂದರೆ, ಅವರ ಮಾತಿನಲ್ಲಿ ನ್ಯಾಯವಿದೆ ಎಂದು ಕಾಣತೊಡಗಿತು. "ನಿಮಗೆ ಬಿಟ್ಟಿದ್ದು" ಎಂದೆ. ಬಿಸಿತುಪ್ಪ ಇಬ್ಬರ ಬಾಯಲ್ಲೂ ಇತ್ತು, ಉಗುಳಲಿಲ್ಲ, ನುಂಗಲಿಲ್ಲ.

ಸಂಜೆ ಮಿಡತೆ ಬಂದಳು. "ಫೋಟೋ ಎಲ್ಲಿ ಚಿಕ್ಕಮ್ಮ?" ಎಂದಳು. ಕೋಚ್ ತೆಗೆದುಕೊಂಡು ಹೋದರೆಂದೂ ನಾಳೆ ಅದೇ ಸಾಕ್ಷಿಯೆಂದೂ ಹೇಳಿದೆ. ಅವಳು ಚಿಕ್ಕಪ್ಪನ ಕಡೆ ನೋಡಿದಳು. ಅವರು ಆಗಲೇ ಒರೆಸಿ ಆಗಿದ್ದ ಲೆನ್ಸನ್ನು ಇನ್ನೊಂದು ಸಲ ಒರೆಸುತ್ತಿದ್ದರು. "ಓ" ಎಂದವಳು ಸ್ವಲ್ಪ ಹೊತ್ತು ಕಾದು ಮನೆಗೆ ಹೊರಟುಹೋದಳು.

ಸಮಿತಿ ಸೇರಿದ್ದು ಮೈದಾನದ ಮೆಟ್ಟಿಲುಗಳ ಕೆಳಗಿನ ಕೋಣೆಯಲ್ಲಿ. ಒಂದು ಉದ್ದ ಮೇಜು, ಪ್ಲಾಸ್ಟಿಕ್ ಕುರ್ಚಿಗಳು, ಕಪಾಟಿನಲ್ಲಿ ಧೂಳು ಹಿಡಿದ ಕಪ್‌ಗಳು, ಮೂಲೆಯಲ್ಲಿ ಗಾಳಿ ಇಳಿದ ಚೆಂಡುಗಳ ಬಲೆ. ಮೇಜಿನ ಆಚೆ ಮೂವರು. ನಡುವೆ ಅಧ್ಯಕ್ಷೆ, ಕನ್ನಡಕ ಮೂಗಿನ ತುದಿಗೆ ಜಾರಿಸಿಕೊಂಡ ಹೆಂಗಸು. ಅವರಿಂದ ಸ್ವಲ್ಪ ಪಕ್ಕಕ್ಕೆ ಬಾವುಟದ ಮೇಷ್ಟ್ರು, ಇಸ್ತ್ರಿ ಮಾಡಿದ ಅಂಗಿಯಲ್ಲಿ. ಈಚೆ ಕಡೆ ನಾವು. ಅಕ್ಕನಿಗೆ ಪಾಳಿ ಬದಲಾಯಿಸಿಕೊಳ್ಳಲು ಆಗಿರಲಿಲ್ಲ.

ಕೋಚ್ ಟವೆಲ್ಲನ್ನು ಬಿಚ್ಚಿ ಚಿತ್ರವನ್ನು ಮೇಜಿನ ಮೇಲೆ ನಿಲ್ಲಿಸಿದರು. ಮೂವರೂ ಬಗ್ಗಿದರು. ಅಧ್ಯಕ್ಷೆ ಕೆಳಗಿನ ಸಾಲು ಓದಿ ತಲೆಯೆತ್ತಿದರು.

"ಜೋಡಣೆ ಚಿತ್ರ ಅಂದ್ರೆ ಏನು? ತೆಗೆದವರು ಯಾರು?"

ಕೊಕ್ಕರೆ ಎದ್ದು ನಿಂತರು. "ನಾನು ಮೇಡಂ. ಕ್ಯಾಮೆರಾನ ಒಂದೇ ಕಡೆ ನಿಲ್ಲಿಸಿ ಸಾಲಾಗಿ ತೆಗೆದ ಫೋಟೋಗಳನ್ನ ಒಂದೇ ಚಿತ್ರದಲ್ಲಿ ಸೇರಿಸೋದು. ಯಾರ ಜಾಗಾನೂ ಬದಲಾಯಿಸಿಲ್ಲ. ಕಾಲು ಎಲ್ಲಿತ್ತೋ ಅಲ್ಲೇ ಇದೆ."

ಒಂದೊಂದು ಮಾತೂ ನಿಜ. ಹುಡುಕಿದರೂ ಅದರಲ್ಲಿ ಸುಳ್ಳು ಸಿಗುವುದಿಲ್ಲ. ಇಷ್ಟು ವರ್ಷ ಜೊತೆಗೆ ಬಾಳಿದ ಗಂಡನ ಬಾಯಿಂದ ಅಂಥ ಮಾತು ನಾನು ಕೇಳಿರಲಿಲ್ಲ. ನಾಚಿಕೆಯಾಯಿತು. ಆದರೂ ನಾನು ಕುರ್ಚಿಯಿಂದ ಏಳಲಿಲ್ಲ.

ಅಧ್ಯಕ್ಷೆ ಚಿತ್ರವನ್ನು ಮೇಷ್ಟ್ರ ಕಡೆ ತಿರುಗಿಸಿದರು. ಮೇಷ್ಟ್ರು ಜೇಬಿನಿಂದ ಕನ್ನಡಕ ತೆಗೆದು ಹಾಕಿಕೊಂಡು ಬಹಳ ಹೊತ್ತು ನೋಡಿದರು. ಹಲಗೆಯ ಅಂಚಿನ ಮೇಲೆ ಉಗುರಿಟ್ಟು ನೋಡಿದರು. ಅವರು ಜಗಳ ತೆಗೆಯುತ್ತಾರೆ ಎಂದು ನಾನು ಕಾಯುತ್ತಿದ್ದೆ. ಜಗಳ ತೆಗೆದಿದ್ದರೆ ಎಷ್ಟೋ ಹಗುರವಾಗುತ್ತಿತ್ತು.

"ಇಲ್ಲಿ ಹಿಂದೇನೇ ಇದೆ" ಎಂದರು. "ನಾನು ಬೆರಳು ಆಚೆ ಕಂಡೆ. ಹಾಗಂತ ಆಣೆ ಬೇಕಾದ್ರೂ ಮಾಡ್ತಿದ್ದೆ. ಆದ್ರೆ ಫೋಟೋಗೆ ನನ್ನ ಹಾಗೆ ವಯಸ್ಸಾಗಿಲ್ಲವಲ್ಲ." ಕನ್ನಡಕ ತೆಗೆದು ಮಡಚಿದರು. "ಪ್ರತ್ಯಕ್ಷ ಕಂಡರೂ ಪರಾಂಬರಿಸಿ ನೋಡು ಅಂತಾರೆ. ನಾನು ಪರಾಂಬರಿಸಲಿಲ್ಲ. ಹುಡುಗಿಗೆ ಅನ್ಯಾಯ ಆಗಬಾರದು ಮೇಡಂ, ಅವಳದನ್ನ ಲೆಕ್ಕಕ್ಕೆ ತಗೊಳ್ಳಿ. ನಾನು ಇನ್ನು ಮುಂದೆ ಹಲಗೆ ಪಕ್ಕ ಕೂರಲ್ಲ. ಬಾವುಟ ಯಾರಾದರೂ ಕಣ್ಣಿರೋರಿಗೆ ಕೊಡಿ."

ಕೋಚ್ ಬಾಯಿಗೆ ಕೈ ಅಡ್ಡ ಹಿಡಿದು ನಗು ತಡೆದುಕೊಂಡರು. ಮಿಡತೆ ಚಿಕ್ಕಪ್ಪನನ್ನೇ ನೋಡುತ್ತಿದ್ದಳು. ಚಿಕ್ಕಪ್ಪ ನೆಲ ನೋಡುತ್ತಿದ್ದರು, ಕೆರೆಯಲ್ಲಿ ನಿಂತ ಹಾಗೆ, ಅಲುಗದೆ.

"ಆ ಕಾಲು ಕೊನೇ ಜಿಗಿತದ್ದಲ್ಲ ಮೇಡಂ" ಎಂದಳು ಮಿಡತೆ.

"ಏನು?"

ಅವಳು ಎದ್ದು ಮೇಜಿನ ಹತ್ತಿರ ಹೋದಳು. "ಹಿಮ್ಮಡಿ ಮೇಲೆ ನೋಡಿ, ಮೈಬಣ್ಣದ ಪ್ಲಾಸ್ಟರ್ ಪಟ್ಟಿ ಅಂಟಿಸಿದೆ. ಮೂರನೇದಕ್ಕೆ ಮಾತ್ರ ಅಂಟಿಸಿದ್ದೆ, ಸಡಿಲ ಆಯ್ತು ಅಂತ ಆಮೇಲೆ ಕಿತ್ತು ಹಾಕ್ದೆ. ಬೇರೆ ಐದರಲ್ಲಿ ಇಲ್ಲ. ಇದು ನನ್ನ ಮೂರನೇ ಜಿಗಿತದ್ದು."

ಕೋಚ್ "ಏಯ್" ಎಂದರು. ಅವಳು ತಿರುಗಿ ನೋಡಲಿಲ್ಲ. ನನ್ನ ಮೇಜಿನ ಮೇಲೆ ಎರಡು ದಿನ ಬಿದ್ದಿದ್ದ ಚಿತ್ರ, ಗಾಜು ಹಾಕುವಾಗ ಮೂಗು ತಾಗುವಷ್ಟು ಹತ್ತಿರದಿಂದ ನೋಡಿದ್ದೇನೆ, ಆ ಪಟ್ಟಿ ನನಗೆ ಕಂಡಿರಲಿಲ್ಲ. ಅವಳಿಗೆ ಮೊದಲ ದಿನವೇ ಕಂಡಿತ್ತು.

ಅಧ್ಯಕ್ಷೆ ಕೊಕ್ಕರೆಯ ಕಡೆ ತಿರುಗಿದರು. "ಹೌದೇನ್ರಿ?"

"ಹೌದು."

"ಹಾಗಾದ್ರೆ ಕೊನೇ ಜಿಗಿತದ್ದು ಎಲ್ಲಿ?"

ಕ್ಯಾಮೆರಾ ಹೆಗಲಲ್ಲೇ ಇತ್ತು, ಊಟಕ್ಕೆ ಕೂರುವಾಗಲೂ ಇರುತ್ತದೆ. ಅವರು ಹಿಂದಿನ ಪರದೆಯಲ್ಲಿ ಆ ಫೋಟೋ ಹುಡುಕಿ ಕೊಟ್ಟರು. ಅದು ಮೂವರ ಕೈ ದಾಟಿ ಮೇಷ್ಟ್ರಿಗೆ ಬಂತು. ಅವರು ತಮ್ಮ ಬೆನ್ನನ್ನು ತಾವೇ ನೋಡಿದರು.

"ಬಗ್ಗಿದ್ದೆ. ಇಷ್ಟು ಹತ್ತಿರದಿಂದ ನೋಡಿದ್ದೆ" ಎಂದರು. "ನೋಡಿ, ನಾನು ಅಲ್ಲೇ ಇದ್ದೆ."

ಆಮೇಲೆ ಹೆಚ್ಚು ಹೊತ್ತು ಹಿಡಿಯಲಿಲ್ಲ. ಕೆಂಪು ಬಾವುಟ ಕೆಂಪಾಗಿಯೇ ಉಳಿಯಿತು. "ಆದ್ರೂ ನಾನು ದಾಟಿಲ್ಲ ಮೇಡಂ" ಎಂದು ಮಿಡತೆ ಒಂದೇ ಒಂದು ಸಲ ಹೇಳಿದಳು. ಅಧ್ಯಕ್ಷೆ ಅವಳನ್ನು ಕರುಣೆಯಿಂದಲೇ ನೋಡಿದರು.

"ಈ ಫೋಟೋ ತಂದಿರದಿದ್ರೆ ನಿನ್ನ ಮಾತು, ಮೇಷ್ಟ್ರ ಮಾತು, ಎರಡನ್ನೂ ಎದುರುಬದುರು ಇಟ್ಟು ಯೋಚನೆ ಮಾಡ್ತಿದ್ವಮ್ಮ. ಮೇಣದ ಪಟ್ಟಿ ಇಡದೇ ಇದ್ದಿದ್ದು ನಮ್ಮ ತಪ್ಪು ಅನ್ನೋದೂ ಇತ್ತು. ಈಗ ನಿಮ್ಮ ಕಡೆಯಿಂದ ಬಂದಿದ್ದರಲ್ಲಿ ಯಾವುದನ್ನ ನಂಬೋದು, ನೀನೇ ಹೇಳು."

ಹೊರಗೆ ಬಂದ ಮೇಲೆ ಕೋಚ್ ಅವಳ ಮೇಲೆ ಕೂಗಾಡಲಿಲ್ಲ, ನಮ್ಮ ಮೇಲೂ ಕೂಗಾಡಲಿಲ್ಲ. ಟವೆಲ್ಲಿನಲ್ಲಿ ಸುತ್ತಿದ ಚಿತ್ರವನ್ನು ನನ್ನ ಕೈಗೆ ಕೊಟ್ಟು ಸ್ಕೂಟರ್ ಹತ್ತಿ ಹೊರಟುಹೋದರು. ಕೊಕ್ಕರೆ "ಏನಾದ್ರೂ ತಿನ್ನೋಣ್ವಾ?" ಎಂದರು. ಯಾರಿಗೂ ಹಸಿವಿರಲಿಲ್ಲ, ಅವರಿಗೂ.

ಬಸ್ಸಿನಲ್ಲಿ ಮಿಡತೆ ನನ್ನ ಪಕ್ಕ ಕೂತಳು. ನಾನು ಮೆಲ್ಲಗೆ ಕೇಳಿದೆ: "ಮೊದಲೇ ಗೊತ್ತಿದ್ರೆ ನಿನ್ನೇನೇ ಯಾಕೆ ಹೇಳ್ಲಿಲ್ಲ?"

"ಚಿಕ್ಕಪ್ಪ ಹೇಳ್ತಾರೆ ಅಂದ್ಕೊಂಡೆ. ಚಿಕ್ಕಪ್ಪ ಯಾವಾಗ್ಲೂ ಹೇಳ್ತಾರಲ್ಲ." ಕಿಟಕಿಯ ಕಡೆ ತಿರುಗಿಕೊಂಡಳು. "ನಾನೂ ಸುಮ್ನೆ ಇರೋಣ ಅಂತಾನೇ ಇದ್ದೆ ಚಿಕ್ಕಮ್ಮ. ಆ ಮೇಷ್ಟ್ರು ತಮ್ಮ ಕಣ್ಣೇ ಸರಿ ಇಲ್ಲ ಅಂದ್ಬಿಟ್ರಲ್ಲ, ಆಗ ಆಗ್ಲಿಲ್ಲ."

ಮೊದಲು ಬಂದ ಹುಡುಗಿ ತರಬೇತಿ ಕೇಂದ್ರಕ್ಕೆ ಹೋದಳು. ಅಕ್ಕ ನಮ್ಮ ಮನೆಗೆ ಬಂದವಳು ನನ್ನ ಗಂಡನ ಜೊತೆ ಮಾತಾಡದೆ ನನ್ನ ಜೊತೆ ಮಾತ್ರ ಮಾತಾಡಿ ಹೋದಳು. ಕೊಕ್ಕರೆ ಸಂಘದ ಸಭೆಯಲ್ಲಿ ಎದ್ದು ನಿಂತು ನಡೆದದ್ದನ್ನೆಲ್ಲ ಹೇಳಿದರು, ತೀರ್ಪುಗಾರಿಕೆ ಬಿಟ್ಟರು. ಹಲ್ಲಿನ ಡಾಕ್ಟರ ಕೈ ಹಿಡಿದು ಕ್ಷಮೆ ಕೇಳಿದರು. ಬಾವುಟದ ಮೇಷ್ಟ್ರ ಮನೆ ಹುಡುಕಿಕೊಂಡು ಹೋಗಿ ಬಂದರು. ಎಲ್ಲ ಸರಿಯೇ. ಆದರೆ ನನ್ನ ಸಿಟ್ಟು ಇಳಿಯಲಿಲ್ಲ. ಅದರಲ್ಲಿ ಅರ್ಧ ನನ್ನ ಮೇಲಿನದೇ.

ಸ್ವಲ್ಪ ದಿನ ಕಳೆದ ಮೇಲೆ ಒಂದು ಸಂಜೆ ನಾನು ಗಾಜು ಕೊಯ್ಯುತ್ತಿದ್ದೆ. ಮಿಡತೆ ಎದುರಿಗೆ ಕೂತು ರಟ್ಟಿನ ಚೂರೊಂದನ್ನು ಮಡಚುತ್ತಿದ್ದಳು.

"ಒಂದು ಕೇಳ್ಲಾ ಚಿಕ್ಕಮ್ಮ? ನಾನು ದಾಟಿಲ್ಲ ಅಂತ ನೀನು ಈಗ್ಲೂ ನಂಬ್ತೀಯಾ?"

‘ನಂಬ್ತೀನಿ’ ಎನ್ನುವುದು ನಾಲಿಗೆಯ ತುದಿಗೆ ಬಂತು. ಮಗುವಿಗೆ ಅಷ್ಟು ಕೊಟ್ಟರೆ ನನ್ನ ಗಂಟೇನು ಹೋಗುತ್ತದೆ? ಆದರೆ ಆ ಕೋಣೆಯಲ್ಲಿ ಅವಳು ಎದ್ದು ನಿಂತದ್ದನ್ನು ನೋಡಿದ ಮೇಲೆ ಅವಳ ಮುಂದೆ ಸುಲಭದ ಮಾತು ಆಡುವುದು ನನ್ನಿಂದಾಗಲಿಲ್ಲ.

"ಆ ಫೋಟೋ ಬರೋಕೆ ಮುಂಚೆ ನಂಬಿದ್ದೆ ಪುಟ್ಟಾ. ಪೂರ್ತಿ ನಂಬಿದ್ದೆ. ಈಗ ನಂಗೆ ಗೊತ್ತಿಲ್ಲ."

ಅವಳಿಗೆ ನೋವಾಗುತ್ತದೆ, ಎದ್ದು ಹೋಗುತ್ತಾಳೆ ಎಂದುಕೊಂಡೆ. ಅವಳು ತಲೆಯಾಡಿಸಿದಳು.

"ನಂಗೂ ಗೊತ್ತಿಲ್ಲ" ಎಂದಳು. "ಅವತ್ತು ಬೆರಳಿಗೆ ಗಟ್ಟಿ ಸಿಕ್ತು ಅಂದಿದ್ನಲ್ಲ, ಅದನ್ನ ನೆನಪು ಮಾಡ್ಕೊಳ್ಳೋಕೆ ಹೋದ್ರೆ ಬರೀ ಆ ಫೋಟೋನೇ ಬರುತ್ತೆ. ದಿನಾ ನೋಡಿದ್ನಲ್ಲ. ಪಟ್ಟಿ ಅಂಟಿಸಿರೋ ಕಾಲು, ಎರಡು ಬೆರಳು ಹಿಂದೆ. ಅದು ನನ್ನ ಮೂರನೇದು ಅಂತ ಗೊತ್ತು. ಆದ್ರೂ ಅದೇ ಬರುತ್ತೆ. ಕೊನೇದು ಎಲ್ಲಿತ್ತು ಅನ್ನೋದು ಹೋಗ್ಬಿಟ್ಟಿದೆ."

ನಾನು ಗಾಜಿನ ಚಾಕು ಕೆಳಗಿಟ್ಟೆ. ನೀಲಿ ಪರದೆ ಸರಿಯಿತು. ಕೊಕ್ಕರೆ ಆಚೆ ಇದ್ದರು, ಎಲ್ಲ ಕೇಳಿಸಿಕೊಂಡಿದ್ದರು. ಬಂದು ಅವಳ ಪಕ್ಕ ನೆಲದ ಮೇಲೆ ಕೂತರು.

"ತಪ್ಪಾಯ್ತು ಮಗಾ" ಎಂದರು.

ಆ ಮಾತನ್ನು ಅವರು ಸಂಘಕ್ಕೆ ಹೇಳಿದ್ದರು, ಡಾಕ್ಟರಿಗೆ ಹೇಳಿದ್ದರು, ಮೇಷ್ಟ್ರಿಗೂ ಹೇಳಿದ್ದರು. ಅವಳಿಗೆ ಹೇಳಿದ್ದು ಅದೇ ಮೊದಲು. ಅವಳು ಅವರ ಹೆಗಲಿಗೆ ತಲೆಯಾನಿಸಿ ಕೂತಳು, ಆದರೆ ಕಣ್ಣು ಮುಚ್ಚಿಕೊಂಡಿದ್ದಳು. ಇನ್ನೂ ಹುಡುಕುತ್ತಿದ್ದಾಳೆ ಎಂದು ನನಗೆ ಗೊತ್ತಾಯಿತು.